ಮರುಪ್ರಸಾರದ ಹೊತ್ತಿಗೆ ನಿಂತ ಮಗ್ಗಗಳು

ಹಾಕಿದ್ದನ್ನೇ ಹಾಕ್ತಾರೆ ಎಂದು ಸರ್ಕಾರಿ ರೇಡಿಯೋವನ್ನು ಬೈಯದವರನ್ನು ನಾನು ಕಂಡಿಲ್ಲ. ನಾನೂ ಬಾಯಿಗೆ ಬಂದಂತೆ ಬೈದಿದ್ದೇನೆ. ಆದರೆ ಕೆಲವು ವರ್ಷ ನಮ್ಮ ತೌರುಮನೆಯಲ್ಲಿ ‘ಮರುಪ್ರಸಾರ’ ಎಂದು ಕೇಳಿಸಿದರೆ ಸಾಕು, ಎಲ್ಲರೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಈಗಲೂ ಚಳ್ಳಕೆರೆಯ ಈ ಮನೆಯಲ್ಲಿ ನಾನು ಒಗ್ಗರಣೆಗೆ ಇಟ್ಟಿರುವಾಗ ಪಕ್ಕದವರ ರೇಡಿಯೋದಿಂದ ಆ ಮಾತು ಬಂದರೆ ಕೈ ತಾನಾಗಿ ನಿಂತುಬಿಡುತ್ತದೆ. ಸಾಸಿವೆ ಸೀದು ಕರಿಕಾಗುತ್ತದೆ, ಮನೆಯವರ ಹತ್ತಿರ ಬೈಸಿಕೊಳ್ಳುತ್ತೇನೆ.

ನನ್ನ ತೌರು ಮೊಳಕಾಲ್ಮೂರು, ರೇಷ್ಮೆ ಸೀರೆ ನೇಯುವವರ ಬೀದಿ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತರೆ ಏಳುತ್ತಿದ್ದುದು ಊಟಕ್ಕೆ ಮಾತ್ರ. ಅವ್ವ ಪಕ್ಕದಲ್ಲಿ ರಾಟೆ ತಿರುಗಿಸುತ್ತ ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದಳು. ಮನೆಮನೆಯ ಗೂಡಿನಲ್ಲೂ ಒಂದು ರೇಡಿಯೋ. ಕನ್ನಡದ್ದು ಸರಿಯಾಗಿ ಸಿಗುತ್ತಿದ್ದುದು ಜಿಲ್ಲೆಯ ಆ ಒಂದು ಕೇಂದ್ರ, ಮುಳ್ಳು ಸ್ವಲ್ಪ ಸರಿದರೆ ಗಡಿಯಾಚೆಯ ತೆಲುಗು. ಹಾಗಾಗಿ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದುಹೋದರೂ ಅದೇ ಕಾರ್ಯಕ್ರಮ ಜೊತೆಗೇ ಬರುತ್ತಿತ್ತು, ಮಗ್ಗಗಳ ಸದ್ದಿನ ಸಂದಿಯಲ್ಲಿ ಕಿವಿಗೊಟ್ಟು ಕೇಳಬೇಕಿತ್ತು ಅಷ್ಟೆ. ಮಗ್ಗದ ಬಡಿತದ ನಡುವೆ ಸಿನಿಮಾ ಹಾಡು ಹೇಗೋ ಕೇಳುತ್ತದೆ, ಮಾತು ಅರ್ಧಂಬರ್ಧ. ನಮ್ಮ ಬೀದಿಯವರಿಗೆ ಹಾಡಿನ ಹುಚ್ಚು ಹತ್ತಿದ್ದು ಅದಕ್ಕೇ.

ನಮ್ಮಲ್ಲಿ ಇನ್ನೊಂದು ಪದ್ಧತಿಯಿತ್ತು. ಬೀದಿಯಲ್ಲಿ ಹೆಣ ಹೋಗುವಾಗ ಮಗ್ಗ ನಿಲ್ಲಿಸಬೇಕು. ಯಾರದೇ ಹೆಣವಾಗಲಿ, ಚಟ್ಟ ತಿರುವು ದಾಟುವವರೆಗೆ ಯಾರೂ ಲಾಳಿಯ ಹಗ್ಗ ಮುಟ್ಟುತ್ತಿರಲಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿದ್ದಲ್ಲ, ನೋಡಿ ಕಲಿತದ್ದು.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ, ಅಕ್ಕನನ್ನು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವವರಿಗೆ ಕೊಟ್ಟಿದ್ದರು. ಅವಳು ಅಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಯಾರ ದನಿಯನ್ನಾದರೂ ಅಣಕಿಸಿ ನಗಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಹೇಗೋ ಆ ಸುದ್ದಿ ಮುಟ್ಟಿ, ರೇಡಿಯೋ ಕೇಂದ್ರದಲ್ಲಿ ದನಿ ಪರೀಕ್ಷೆ ಮಾಡಿ ಒಂದು ನಗೆನಾಟಕಕ್ಕೆ ತೆಗೆದುಕೊಂಡರು. ಪಾತ್ರ ಯಾವುದು ಅಂತೀರಿ? ಗಯ್ಯಾಳಿ ಅತ್ತೆ! ಮೂವತ್ತು ತುಂಬದವಳು ಹಲ್ಲುದುರಿದ ಮುದುಕಿಯಾಗಿ ಸೊಸೆಯನ್ನು ಜಾಲಾಡಿದ್ದಳು. ನಾಟಕ ಬಂದ ಮಧ್ಯಾಹ್ನ ಬೀದಿಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಏಕೆಂದರೆ ಆ ಮುದುಕಿ ಬೇರೆ ಯಾರೂ ಅಲ್ಲ, ನಮ್ಮವ್ವನೇ. ಅದೇ ರಾಗ, ಅದೇ ಗೊಣಗು, ಮಾತಿನ ಕೊನೆಗೆ ಮೂಗಿನಿಂದ ಬಿಡುವ ಅದೇ ‘ಹ್ಞೂಂ’. ಬರಲಿ ಮನೆಗೆ, ನಾಲಿಗೆ ಸೀಳ್ತೀನಿ ಎಂದು ಅವ್ವ ಸಿಟ್ಟು ಮಾಡಿಕೊಂಡವಳ ಹಾಗೆ ಮಾಡಿದಳು. ಒಳಗೊಳಗೆ ಉಬ್ಬಿಹೋಗಿದ್ದಳು.

ಅದಾದ ಮುಂದಿನ ಮಳೆಗಾಲದಲ್ಲಿ ಅಕ್ಕನಿಗೆ ಕಾಮಾಲೆಯಾಯಿತು. ನಾಟಿ ಔಷಧಿ, ದೊಡ್ಡಾಸ್ಪತ್ರೆ ಎಲ್ಲ ಆಯಿತು, ಉಳಿಯಲಿಲ್ಲ. ಚಳ್ಳಕೆರೆಯಲ್ಲೇ ಮಣ್ಣು ಮಾಡಿದರು. ಅವಳ ಹೆಣ ನಮ್ಮ ಬೀದಿಗೆ ಬರಲಿಲ್ಲ, ಅವಳಿಗಾಗಿ ಅಲ್ಲಿ ಯಾರ ಮಗ್ಗವೂ ನಿಲ್ಲಲಿಲ್ಲ. ಅವ್ವ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಬೇರೆ ಹೆಣ ಹೋದಾಗಲೆಲ್ಲ ಅವಳು ರಾಟೆ ನಿಲ್ಲಿಸಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ರೇಡಿಯೋದಲ್ಲಿ ಏನೋ ಭಾಷಣ ಬರಬೇಕಿತ್ತು. ಬರಲಿಲ್ಲ. ಅದರ ಬದಲು ಒಂದು ನಾಟಕದ ಮರುಪ್ರಸಾರ ಎಂದರು. ನಾವು ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಇದ್ದಕ್ಕಿದ್ದಂತೆ ಆ ಗಯ್ಯಾಳಿ ಅತ್ತೆಯ ದನಿ, ನಮ್ಮಕ್ಕನದು, ಹೊಸ್ತಿಲು ದಾಟಿ ಬಂದ ಹಾಗೆ ಬಂತು. ಅಪ್ಪನ ಕಾಲು ಮಗ್ಗ ತುಳಿಯುವುದನ್ನು ಬಿಟ್ಟಿತು. ಎದುರು ಮನೆಯ ಮಗ್ಗ ನಿಂತಿತು, ಅದರಾಚೆಯದು ನಿಂತಿತು, ಹಾಗೇ ಒಂದೊಂದಾಗಿ ಬೀದಿಯೇ ನಿಂತಿತು. ಅಲ್ಲಿಯವರೆಗೆ ನಮ್ಮ ಬೀದಿಯಲ್ಲಿ ನಾಟಕವೊಂದು ಅಷ್ಟು ಸ್ಪಷ್ಟವಾಗಿ ಕೇಳಿದ್ದೇ ಇಲ್ಲ. ಎಲ್ಲ ಮನೆಯಿಂದಲೂ ಅಕ್ಕ ಮುದುಕಿಯಾಗಿ ಬೈಯುತ್ತಿದ್ದಳು, ಎಂಥ ನಗೆಮಾತು ಬಂದರೂ ಒಬ್ಬರೂ ನಗಲಿಲ್ಲ. ಜಿಲ್ಲೆಯ ಉಳಿದವರೆಲ್ಲ ಆ ಹೊತ್ತಿಗೆ ನಗುತ್ತಿದ್ದಿರಬೇಕು.

ನಾಟಕ ಮುಗಿದ ಮೇಲೂ ಬಹಳ ಹೊತ್ತು ಯಾರೂ ಲಾಳಿ ಎಸೆಯಲಿಲ್ಲ. ಅಕ್ಕನ ಚಟ್ಟ ಅವತ್ತು ನಮ್ಮ ಬೀದಿಯಲ್ಲಿ ಹೋಯಿತು ಎಂದುಕೊಂಡೆ.

ಆಮೇಲೆ ಅವ್ವನಿಗೆ ಅದೇ ಧ್ಯಾನ. ಮತ್ತೆ ಯಾವಾಗ ಬರ್ತದೆ ಎಂದು ದಿನಾ ಕೇಳುವಳು. ನಾನು ನಮ್ಮೂರ ಪೇಟೆಯ ರೇಡಿಯೋ ರಿಪೇರಿ ಸಾಹೇಬರನ್ನು ವಿಚಾರಿಸಿದೆ. ಮುಂದಿನ ಸಲ ಬಂದಾಗ ಕ್ಯಾಸೆಟ್ಟಿಗೆ ಹಿಡಿದುಕೊಡುತ್ತೇನೆ, ಬೇಕಾದಾಗ ಹಾಕಿಕೊಂಡು ಕೇಳಿ ಎಂದರು ಪುಣ್ಯಾತ್ಮರು. ಓಡಿಬಂದು ಅವ್ವನಿಗೆ ಹೇಳಿದರೆ ಅವಳು ಕೆಂಡವಾದಳು.

“ಹಿಡಿದು ಡಬ್ಬೀಲಿ ಹಾಕ್ಕೊಂಡು ಕುಂದ್ರಾಕೆ ಅವಳೇನು ದೆವ್ವೇನೇ? ತೌರಿಗೆ ಬರೋ ಮಗಳು ತಾನಾಗೇ ಬರ್ಬೇಕು. ಕಟ್ಟಿ ಹಾಕ್ಬಾರ್ದು.”

ನನಗೂ ಸಿಟ್ಟು ಬಂತು. ಈ ರೇಡಿಯೋದವರು ಹಾಕದಿದ್ದರೆ ಏನು ಮಾಡ್ತೀಯ ಎಂದು ಕೇಳಿದೆ. ಕಾಯ್ತೀನಿ ಎಂದಳು.

ಆದರೆ ಕಾಯುವ ಜಾಗವನ್ನೇ ಕಿತ್ತುಕೊಂಡರು. ನಾಟಕದ ಹೊತ್ತನ್ನು ಅರ್ಧಕ್ಕೆ ಇಳಿಸಿ ಕೋರಿಕೆಯ ಸಿನಿಮಾ ಹಾಡು ಹಾಕತೊಡಗಿದರು. ಕೇಳುಗರ ಪತ್ರಗಳು ರಾಶಿ ಬಂದಿವೆ, ಅವರ ಇಷ್ಟದಂತೆ ಎಂದರು. ಆ ರಾಶಿಯಲ್ಲಿ ದೊಡ್ಡ ಪಾಲು ನಮ್ಮ ಬೀದಿಯದೇ! ಎದುರು ಮನೆಯ ಮಾವ ಬೀದಿಯವರ ಹೆಸರಿನಲ್ಲೆಲ್ಲ ಕಾರ್ಡು ಗೀಚಿ ಹಾಕುತ್ತಿದ್ದರು, ರೇಡಿಯೋದಲ್ಲಿ ತಮ್ಮ ಹೆಸರು ಕೇಳಿ ಮೀಸೆ ತಿರುವುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಹೋಗಿ, ನಿಮ್ಮ ಹಾಡಿನ ಚಪಲಕ್ಕೆ ನಮ್ಮಕ್ಕನನ್ನು ಎರಡನೇ ಸಲ ಸಾಯಿಸಿದಿರಿ ಎಂದುಬಿಟ್ಟೆ. ಮಾರನೆಯ ದಿನವೇ ಅವರು ಮನೆಮನೆಗೆ ಹೋಗಿ ಎಲ್ಲರಿಂದಲೂ ಆ ನಾಟಕ ಮತ್ತೆ ಬೇಕು ಎಂದು ಬರೆಸಿದರು.

ಪತ್ರೋತ್ತರದ ಕಾರ್ಯಕ್ರಮದಲ್ಲಿ ಅಲ್ಲಿಯ ಅಧಿಕಾರಿಯೊಬ್ಬರು ಮೆತ್ತಗೆ ಉತ್ತರ ಕೊಟ್ಟರು. ಎಲ್ಲರಿಗೂ ಹಾಡು ಬೇಕು, ರೈತರಿಗೆ ಅವರ ಮಾತು ಬೇಕು, ಹೊಸ ನಾಟಕಗಳಿಗೂ ಜಾಗ ಬೇಕು, ಒಂದನ್ನೇ ಹಾಕುತ್ತಾ ಹೋದರೆ ಒಳ್ಳೆಯದು ಹುಟ್ಟುವುದು ಯಾವಾಗ ಎಂದರು. ಅವತ್ತು ಆ ದನಿಗೆ ಹಿಡಿ ಶಾಪ ಹಾಕಿದ್ದೆ. ಈಗ ನೋಡಿದರೆ ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಇರುವ ಒಂದೇ ಹಾಸಿಗೆಯಲ್ಲಿ ನೆಂಟರನ್ನೆಲ್ಲ ಮಲಗಿಸುವ ಪಾಡು ಅವರದು.

ಆದರೂ ನಾಟಕ ಹಾಕಿದರು. ಬೇರೆ ಊರುಗಳಿಂದಲೂ ಮೆಚ್ಚಿ ಪತ್ರ ಬಂದವಂತೆ. ಆ ಹೊತ್ತಿಗೆ ಮನೆಮನೆಗೆ ಟೀವಿ ಬಂದು, ಹೊಸ ನಾಟಕ ಮಾಡಿಸುವುದೇ ಕಡಿಮೆಯಾಗಿತ್ತು. ಎಲ್ಲಿ ಸಂದು ಬಿದ್ದರೂ ಜನ ಮೆಚ್ಚಿದ ಹಳೆಯದನ್ನು ತುರುಕುವರು. ಅಕ್ಕ ಯುಗಾದಿಗೆ ಬಂದಳು, ಶ್ರಾವಣದಲ್ಲಿ ಬಂದಳು, ಏನೂ ಇಲ್ಲದ ಮಂಗಳವಾರವೂ ಬಂದಳು. ಬಂದಾಗಲೆಲ್ಲ ಬೀದಿ ನಿಲ್ಲುತ್ತಿತ್ತು. ಹಾಗೆ ನಿಲ್ಲಿಸಿ ಎಂದು ನಾವು ಯಾರನ್ನೂ ಕೇಳಿದ್ದಲ್ಲ. ಬಿಸಿಲಿನಲ್ಲಿ ನಾಯಿಯೂ ಅಲುಗದ ಬೀದಿ, ಅದರಲ್ಲಿ ಗೋಡೆಗೋಡೆಯಿಂದ ಸತ್ತವಳ ದನಿ. ಅಕ್ಕನ ಸ್ವಂತ ದನಿ ಹೇಗಿತ್ತು ಎನ್ನುವುದು ನನಗೆ ಮರೆಯತೊಡಗಿತ್ತು. ನೆನಪು ಮಾಡಿಕೊಂಡರೆ ಆ ಮುದುಕಿಯೇ ಬರುವಳು. ಇತ್ತ ಅವ್ವನಿಗೆ ನಿಜಕ್ಕೂ ಹಲ್ಲು ಬಿದ್ದು, ಅವಳು ಮಾತಾಡಿದರೆ ಅಕ್ಕ ಮಾತಾಡಿದಂತೆಯೇ ಕೇಳುತ್ತಿತ್ತು. ಹಿತ್ತಲಿನಿಂದ ಅವ್ವ ಕೂಗಿದಾಗ ನಾನು ಎಷ್ಟೋ ಸಲ ಹೆದರಿದ್ದೇನೆ.

ಒಂದು ವರ್ಷ ಮದುವೆಗಳ ಕಾಲ ಬಂತು. ಸೀರೆ ಬೇಗ ನೇಯ್ದು ಇಳಿಸಿ ಎಂದು ನೇಯಿಸುವ ಯಜಮಾನರು ದಿನಾ ಆಳು ಕಳಿಸುತ್ತಿದ್ದರು. ಎದುರು ಮನೆಯ ಮಾವನಿಗೆ ಕಣ್ಣು ಮಂಜಾಗಿತ್ತು, ಬೆಳಕಿರುವಷ್ಟು ಹೊತ್ತೇ ಅವರ ದುಡಿಮೆ. ಅವರ ಸೀರೆ ತಡವಾಗಿ, ಯಜಮಾನರ ಮುಂದೆ ಕೈಕಟ್ಟಿ ಬೈಸಿಕೊಂಡು ಬಂದಿದ್ದನ್ನು ಅವ್ವ ಕಣ್ಣಾರೆ ನೋಡಿದ್ದಳು. ಆ ವಾರವೇ, ಬೆಳಕು ಚೆನ್ನಾಗಿದ್ದ ಒಂದು ಮಧ್ಯಾಹ್ನ, ಮತ್ತೆ ಮರುಪ್ರಸಾರ ಎಂದರು. ಅತ್ತೆ ಬಾಯಿ ತೆರೆದಳು. ಮೊದಲು ನಿಂತದ್ದು ಮಾವನ ಮಗ್ಗ.

ಅವ್ವ ರಾಟೆ ಬಿಟ್ಟು ಎದ್ದಳು. ಆ ನಾಟಕ ಬರುವಾಗ ಅವಳು ಜಾಗ ಬಿಟ್ಟು ಎದ್ದಿದ್ದೇ ಇಲ್ಲ. ಏನಾಯಿತೋ ಎಂದು ನಾನೂ ಹಿಂದೆ ಹೋದೆ. ಅವಳು ಬೀದಿ ದಾಟಿ ಮಾವನ ಬಾಗಿಲಲ್ಲಿ ನಿಂತಳು.

“ಮಗ್ಗ ಆಡಿಸ್ರಿ” ಅಂದಳು. “ಇಲ್ಲಿ ಹೆಣ ಹೋಗ್ತಿಲ್ಲ. ನನ್ ಮಗಳು ಮನೆಗೆ ಬಂದವಳೆ. ಮಗಳು ಬಂದ್ರೆ ಯಾರಾದ್ರೂ ಮಗ್ಗ ನಿಲ್ಲಿಸ್ತಾರೇನ್ರಿ?”

ಮಾವ ಕುಣಿಯೊಳಗಿಂದ ಅವ್ವನ ಮುಖವನ್ನೇ ನೋಡಿದರು. ಅವರ ಕಣ್ಣಿನಲ್ಲಿ ನೀರಾಡಿತು. ಇರ್ಲಿ ಬಿಡಮ್ಮ, ಒಂದು ಗಳಿಗೆ ಎಂದರು. ಅವ್ವ ಅಲ್ಲಿಂದ ಕದಲಲಿಲ್ಲ. ಕೊನೆಗೆ ಅವರು ಹಗ್ಗ ಎಳೆದರು. ಒಂದು ಮಗ್ಗದ ಸದ್ದು ಕೇಳಿ ಪಕ್ಕದ್ದು ಶುರುವಾಯಿತು, ಅದರಾಚೆಯದು ಶುರುವಾಯಿತು. ನಾವು ಮನೆಗೆ ಬಂದಾಗ ನಮ್ಮ ಮಗ್ಗ ಮಾತ್ರ ನಿಂತಿತ್ತು. ಅಪ್ಪ ರೇಡಿಯೋ ಕಡೆ ಕಿವಿಯಿಟ್ಟು ಕೂತಿದ್ದರು.

“ನೀವೂ ಆಡಿಸ್ರಿ” ಅಂದಳು ಅವ್ವ.

ಅಪ್ಪ ಆಡಿಸಿದರು. ಅಕ್ಕನ ದನಿ ಮುಳುಗಿಹೋಯಿತು. ಅವ್ವ ರಾಟೆಯ ಮುಂದೆ ಕೂತು, ಯಾರೋ ಹತ್ತಿರ ಕೂತು ಮಾತಾಡುತ್ತಿದ್ದಾರೆ ಎಂಬಂತೆ ತಲೆಯಾಡಿಸುತ್ತ ಕಂಡಿಕೆ ಸುತ್ತಿದಳು. ಕೇಳಿಸ್ತಾ ಐತಾ ಅವ್ವಾ ಎಂದು ಕೂಗಿ ಕೇಳಿದೆ.

“ಕೇಳಿಸ್ದಿದ್ರೇನು, ಬಂದವಳೆ ಅಲ್ವಾ” ಎಂದಳು.

ಅದಾದ ಮೇಲೆ ಆ ನಾಟಕ ಮತ್ತೆ ಬಂತೋ ಇಲ್ಲವೋ, ನಿಲ್ಲದ ಮಗ್ಗಗಳ ಸದ್ದಿನಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.