ಕೋಳಿಗೂಡಿನ ಬೆಣೆ

ನಾನು ಮದುವೆಯಾಗಿ ಜಯನಗರಕ್ಕೆ ಬಂದಾಗ ಅಲ್ಲಿ ರಸ್ತೆಗಳಿದ್ದವು, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ನಡುವಿನ ಸೈಟುಗಳಲ್ಲೆಲ್ಲ ಲಂಟಾನದ ಪೊದೆ, ಕಲ್ಲುಬಂಡೆ. ಈಗ ಜೆ.ಪಿ. ನಗರ ಅನ್ನುವ ಕಡೆ ಆಗ ರಾಗಿಹೊಲಗಳು. ಸಂಜೆಯಾದರೆ ಆ ಕಡೆಯಿಂದ ನರಿಗಳು ಊಳಿಡುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

ನಮ್ಮ ಯಜಮಾನರಿಗೆ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ. ಒಂದು ದೊಡ್ಡ ಮನೆಯ ಹಿಂದಿದ್ದ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆವು. ಮುಂದಿನ ಮನೆಯಲ್ಲಿ ಮಾಲೀಕರು. ಬಸವನಗುಡಿಯಿಂದ ಬಂದು ಮನೆ ಕಟ್ಟಿಸಿದ್ದ ನಿವೃತ್ತ ಮೇಷ್ಟ್ರು, ಅವರ ಹೆಂಡತಿ, ಮದುವೆ ವಯಸ್ಸಿನ ಮಗಳು. ಹಿತ್ತಲು ಮಾತ್ರ ಎರಡು ಮನೆಗೂ ಒಂದೇ, ವಿಶಾಲವಾಗಿತ್ತು.

ನಾನು ಗೊಟ್ಟಿಗೆರೆಯ ಒಕ್ಕಲು ಮನೆಯವಳು. ಕೋಳಿಯ ಸದ್ದಿಲ್ಲದೆ ಬೆಳಗಾಗುವುದು ನನಗೆ ಅಭ್ಯಾಸವೇ ಇರಲಿಲ್ಲ. ಯಜಮಾನರು ಕಚೇರಿಗೆ ಹೋದ ಮೇಲೆ ಆ ಮನೆಯಲ್ಲಿ ಗಡಿಯಾರ ಬಿಟ್ಟರೆ ಬೇರೆ ಸದ್ದಿಲ್ಲ. ನನ್ನ ಮುಖ ಬಾಡಿದ್ದು ನೋಡಿ ಅವರೇ ಒಂದು ದಿನ, "ಊರಿಂದ ಎರಡು ಕೋಳಿ ತಂದ್ಕೊ. ಮೇಷ್ಟ್ರನ್ನ ನಾನು ಕೇಳ್ತೀನಿ" ಅಂದರು. ಕೇಳಿಯೂ ಬಂದರು. ಮೇಷ್ಟ್ರ ಮನೆಯವರು ಮೊಟ್ಟೆ ಮುಟ್ಟುವವರಲ್ಲ. ಆದರೂ ಮೇಷ್ಟ್ರ ಹೆಂಡತಿ ನನ್ನನ್ನು ಕಂಡಾಗ, "ಹಿತ್ತಲಲ್ಲಿರಲಿ ಬಿಡಮ್ಮ, ನಮಗೇನು" ಅಂದರು.

ತವರಿಂದ ಬುಟ್ಟಿಯಲ್ಲಿ ಬಂದ ಹ್ಯಾಟೆ, ಹುಂಜಗಳು ಮಳೆಗಾಲ ಕಳೆಯುವುದರಲ್ಲಿ ಒಂದು ಸಂಸಾರವೇ ಆದವು. ಹಗಲೆಲ್ಲ ಬಿಟ್ಟೇ ಇರುತ್ತಿದ್ದೆ. ಸೀಬೆಮರದ ಕೆಳಗೆ ಕೆದಕುತ್ತಾ, ಬೂದಿಗುಂಡಿಯಲ್ಲಿ ಹೊರಳುತ್ತಾ ಇರುತ್ತಿದ್ದವು. ನಾನು ಅಕ್ಕಿ ಆರಿಸಲು ಕೂತರೆ ಸುತ್ತ ನಿಂತು ನನ್ನ ಕೈಯನ್ನೇ ನೋಡುತ್ತಿದ್ದವು. ಒಂದು ಕಂದು ಕೋಳಿಯಂತೂ ಹೊಸ್ತಿಲು ದಾಟಿ ಒಳಗೇ ಬಂದು, ನನ್ನ ಸೀರೆಯ ಅಂಚು ಕುಕ್ಕಿ ಕರೆಯುತ್ತಿತ್ತು.

ಮೊದಲ ಸಲ ನರಿ ಬಂದದ್ದು ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಪಿಳ್ಳೆಗಳ ಜೊತೆ ಬೇಲಿಯ ಹತ್ತಿರ ಮೇಯುತ್ತಿದ್ದ ತಾಯಿಕೋಳಿ ಒಂದೇ ಸಲ ಕಿರುಚಿತು. ನಾನು ಓಡಿ ಹೋಗುವಷ್ಟರಲ್ಲಿ ಪೊದೆಯ ಬಾಯಲ್ಲಿ ಪುಕ್ಕ ಹರಡಿಬಿದ್ದಿತ್ತು. ಅಮ್ಮನಿಲ್ಲದ ಪಿಳ್ಳೆಗಳು ಚಿಯಾಂಗುಟ್ಟುತ್ತಾ ನನ್ನ ಕಾಲಿಗೇ ತೊಡರಿಕೊಂಡವು. ನಾನು ಅತ್ತುಬಿಟ್ಟೆ. ಯಜಮಾನರು ನಗಲಿಲ್ಲ, ಬೈಯಲಿಲ್ಲ. "ನಿಮ್ಮಪ್ಪನಿಗೆ ಹೇಳಿಕಳಿಸ್ತೀನಿ. ಭದ್ರ ಮಾಡೋಣ" ಅಂದರು.

ಅಪ್ಪ ಗಾಡಿಯ ತುಂಬ ಜಾಲಿಮುಳ್ಳು ಹೇರಿಕೊಂಡು ಬಂದರು. ಯಜಮಾನರು ಕಚೇರಿಗೆ ರಜ ಹಾಕಿ, ಪಂಚೆ ಮೇಲೆ ಕಟ್ಟಿ ಅವರ ಜೊತೆ ನಿಂತರು. ಹಿತ್ತಲಿನ ಸುತ್ತ ಮುಳ್ಳಿನ ಬೇಲಿಯಾಯಿತು. ನರಿ ಕೆಳಗಿನಿಂದ ಬಗೆದು ನುಗ್ಗುತ್ತದೆ ಎಂದು ಬೇಲಿಯ ಬುಡಕ್ಕೆಲ್ಲ ಕಲ್ಲು ಹೂತರು. ಓಣಿಯ ಕಡೆ ಓಡಾಡಲು ಬಿದಿರಿನ ತಡಿಕೆಯಿಟ್ಟು ಹಗ್ಗ ಬಿಗಿದರು. ಹಳೇ ಹಲಗೆಗಳಿಂದ ಗೂಡು ಮಾಡಿ ಕಲ್ಲುಗಳ ಮೇಲೆ ಎತ್ತರಕ್ಕೆ ಕೂರಿಸಿದರು. ಗೂಡಿನ ಬಾಗಿಲಿಗೆ ಚಿಲಕವಿತ್ತು. ಅಷ್ಟು ಸಾಲದೆಂದು ಅಪ್ಪ ಒಂದು ಮರದ ಬೆಣೆ ಕೆತ್ತಿ ಕೊಟ್ಟರು.

"ಅದು ಮೂತಿ ಹಾಕಿ ತಳ್ತಾನೇ ಇರ್ತದೆ. ಚಿಲಕ ಅಲ್ಲಾಡಿ ಅಲ್ಲಾಡಿ ಬಿಚ್ಕೊಂತದೆ. ಬೆಣೆ ಹಾಕ್ದೆ ಮಲಗ್ಬೇಡ ಮಗ. ಬೆಳ್ಳಗೆ ಬೆಳಕು ಹರಿಯೋಗಂಟ ಬಿಡ್ಲೂಬೇಡ."

ಅವತ್ತು ಯಜಮಾನರ ಅಂಗೈಯಲ್ಲಿ ಮುರಿದಿದ್ದ ಮುಳ್ಳುಗಳನ್ನು ನಾನು ಪಿನ್ನಿನಿಂದ ತೆಗೆದೆ. ಅವರು ಮುಖ ಕಿವುಚಿದರು, "ಇನ್ನು ಯಾವ ನರಿ ಬರುತ್ತೋ ನೋಡೋಣ" ಅಂದರು. ಇಂಥವರನ್ನು ಕಟ್ಟಿಕೊಂಡೆನಲ್ಲ ಎಂದು ನನಗೆ ಆ ದಿನ ಎಷ್ಟು ಸುಖವಾಯಿತೆಂದರೆ, ಆ ಸುಖ ಈಗಲೂ ನೆನಪಿದೆ. ನೆನಪಿರುವುದೇ ಕಷ್ಟ.

ಆಮೇಲೆ ವರ್ಷದ ಹತ್ತಿರ ಒಂದು ಪಿಳ್ಳೆಯೂ ಹೋಗಲಿಲ್ಲ. ಬೇಲಿಯಾಚೆ ನರಿ ಸುಳಿದಾಡಿದ ಗುರುತು ಮಣ್ಣಿನಲ್ಲಿ ಕಾಣುತ್ತಿತ್ತು, ಒಳಗೆ ಬರಲು ಆಗಿರಲಿಲ್ಲ. ಸಂಜೆ "ಬಾ ಬಾ ಬಾ" ಎಂದು ಕರೆದು ಗೂಡಿಗೆ ತುಂಬಿಸಿ, ಚಿಲಕ ಹಾಕಿ, ಬೆಣೆಯನ್ನು ಕಲ್ಲಿನಿಂದ ತಟ್ಟುತ್ತಿದ್ದೆ. ಸ್ನಾನ, ಊಟದಂತೆ ಅದೂ ಕೈಗೆ ಬಂದುಬಿಟ್ಟಿತ್ತು.

ಅದೊಂದು ಬೆಳಗ್ಗೆ ಕೋಳಿಗಳ ಚೀರಾಟಕ್ಕೆ ಎಚ್ಚರವಾಯಿತು. ಇನ್ನೂ ಮಬ್ಬುಬೆಳಕು. ಪಕ್ಕದಲ್ಲಿ ಯಜಮಾನರಿರಲಿಲ್ಲ. ಹಾಲಿನ ಡಿಪೋಗೆ ಅವರು ಬೇಗ ಹೋಗುತ್ತಿದ್ದದ್ದು ದಿನದ ರೂಢಿ. ಹಿತ್ತಲ ಬಾಗಿಲು ತೆಗೆದೆ. ತಡಿಕೆ ಪಕ್ಕಕ್ಕೆ ಸರಿದಿತ್ತು, ಗೂಡಿನ ಬಾಗಿಲು ಪೂರಾ ತೆರೆದಿತ್ತು. ನನ್ನ ಹುಂಜವನ್ನು ಕುತ್ತಿಗೆ ಹಿಡಿದು ಎಳೆದುಕೊಂಡು ಒಂದು ನರಿ ತಡಿಕೆಯ ಸಂದಿನಲ್ಲಿ ತೂರುತ್ತಿತ್ತು. ಕೂಗಿದೆ. ಅದು ನಿಂತು, ತಿರುಗಿ ನನ್ನನ್ನು ನೋಡಿ, ಅವಸರವಿಲ್ಲದೆ ಹೋಯಿತು. ಅಂಗಳದ ತುಂಬ ಸತ್ತ ಕೋಳಿಗಳು. ಅಷ್ಟನ್ನೂ ಒಂದು ನರಿ ತಿನ್ನಲಾರದು, ಆದರೂ ಕೊಂದು ಹಾಕಿತ್ತು. ಸೀಬೆಮರದ ಕೊಂಬೆಯಲ್ಲಿ ಕಂದು ಕೋಳಿಯೊಂದೇ ಉಸಿರು ಹಿಡಿದು ಕೂತಿತ್ತು.

ಯಜಮಾನರು ಹಾಲು ಹಿಡಿದು ಬಂದಾಗ ನಾನು ನೆಲದ ಮೇಲೆ ಕೂತಿದ್ದೆ.

"ನಾನು ಬೆಣೆ ಹಾಕಿದ್ದೆ ಕಣ್ರೀ. ಹಾಕೇ ಹಾಕಿದ್ದೆ."

ಅವರು ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರಿದರು. "ಮರ್ತಿರ್ತೀಯ, ಬಿಡು. ದಿನಾ ಮಾಡೋ ಕೆಲಸ ಒಂದಿನ ಮರೆಯುತ್ತೆ. ತಡಿಕೆ ಯಾರೋ ದಾರಿಹೋಕರು ಸರಿಸಿರಬೇಕು."

ನಾನು ನಂಬಿದೆ. ನನ್ನ ಕೈಯನ್ನೇ ಅನುಮಾನಿಸಿದೆ. ಹಿಂದಿನ ಸಂಜೆಯನ್ನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿ ನೋಡಿದೆನೋ! ಬೆಣೆ ತಟ್ಟಿದ ಸದ್ದು ಕೇಳಿಸುತ್ತಿತ್ತು. ಅದು ಅವತ್ತಿನದೋ ಅದರ ಹಿಂದಿನ ದಿನದ್ದೋ ಗೊತ್ತಾಗುತ್ತಿರಲಿಲ್ಲ. ಒಲೆ ಆರಿಸಿದೆನೇ, ನೀರಿನ ಕೊಡ ಮುಚ್ಚಿದೆನೇ ಎಂದು ಎಲ್ಲದಕ್ಕೂ ಎದ್ದೆದ್ದು ನೋಡುವವಳಾದೆ. ಸತ್ತ ಕೋಳಿಗಳನ್ನು ಅವರೇ ಗುಂಡಿ ತೆಗೆದು ಹೂತರು. ಅದಕ್ಕೂ ನಾನು ಅವರಿಗೆ ಕೃತಜ್ಞಳಾಗಿದ್ದೆ. ಉಳಿದ ಕಂದು ಕೋಳಿಯನ್ನು ಹೊರಗೆ ಬಿಡಲು ಹೆದರಿ ಮನೆಯೊಳಗೇ ಇಟ್ಟುಕೊಂಡೆ.

ಆ ದಿನಗಳಲ್ಲಿ ಮೇಷ್ಟ್ರ ಮನೆಯವರು ಬಸವನಗುಡಿಯ ನೆಂಟರ ಮನೆಗೆ ಹೋಗಿದ್ದರು. ಹಿಂತಿರುಗಿದ ಮರುದಿನ ಮೇಷ್ಟ್ರ ಹೆಂಡತಿ ಬಟ್ಟಲಲ್ಲಿ ಕೋಸಂಬರಿ ಹಿಡಿದು ಹಿತ್ತಲಿಗೆ ಬಂದರು. ಮುಖದ ತುಂಬ ನಗು.

"ನಿನಗೆ ಹೇಗೆ ಉಪಕಾರ ಹೇಳ್ಲಿ ಗೊತ್ತಾಗ್ತಿಲ್ಲಮ್ಮ. ನಾಳೆ ನಮ್ಮ ಹುಡುಗೀನ ನೋಡೋಕೆ ಬರ್ತಾ ಇದ್ದಾರೆ. ತುಂಬ ಮಡಿ ಜನ."

ಯಾವ ಉಪಕಾರವೆಂದು ನನಗೆ ಅರ್ಥವಾಗಲಿಲ್ಲ.

"ಕೋಳಿ ತವರಿಗೆ ಕಳಿಸಿದ್ಯಲ್ಲ, ಅದೇ. ಒಂದು ವಾರದ ಮಟ್ಟಿಗೆ ಸಾಕು ಅಂತ ನಿಮ್ಮನೆಯವರ ಹತ್ರ ಹೇಳಿದ್ದೆ. ನಿನ್ನನ್ನೇ ಕೇಳೋಣ ಅಂತಿದ್ದೆ. ಅವರೇ ಬೇಡ ಅಂದ್ರು. ನಾನು ನೋಡ್ಕೋತೀನಿ, ನೀವು ಬರೋ ಹೊತ್ತಿಗೆ ಒಂದು ಕೋಳೀನೂ ಇರೋದಿಲ್ಲ ಅಂದ್ರು."

ನಾನು ಕೋಸಂಬರಿ ಇಸಿದುಕೊಂಡೆ. ಏನು ಹೇಳಿದೆನೋ ನೆನಪಿಲ್ಲ. ಆಕೆ ಒಳಗೆ ಹೋದ ಮೇಲೆ ಗೂಡಿನ ಹತ್ತಿರ ಹೋಗಿ ಬಾಗಿಲು ಮುಚ್ಚಿದೆ, ಚಿಲಕ ಹಾಕಿದೆ. ಬೆಣೆಗಾಗಿ ಹುಡುಕಿದೆ. ಅದು ನೆಲದಲ್ಲೆಲ್ಲೂ ಇರಲಿಲ್ಲ. ಗೂಡಿನ ಸೂರಿನ ಮೇಲೆ, ನನ್ನ ಕೈಗೆ ಎಟುಕದಷ್ಟು ಹಿಂದೆ, ನೆಟ್ಟಗೆ ಎತ್ತಿಟ್ಟಿತ್ತು. ನಮ್ಮ ಮನೆಯಲ್ಲಿ ಅಷ್ಟು ಉದ್ದದ ಕೈಯಿದ್ದವರು ಒಬ್ಬರೇ.

ಅವರು ಕಚೇರಿಯಿಂದ ಬಂದು ಸೈಕಲ್ ನಿಲ್ಲಿಸುವಷ್ಟರಲ್ಲೇ ಕೇಳಿದೆ. "ಬೆಣೆ ತೆಗೆದಿದ್ದು ನೀವಾ?"

ಮೊದಲು ಯಾವ ಬೆಣೆ ಅಂದರು. ಆಮೇಲೆ ನನ್ನ ಕೈಯಲ್ಲಿದ್ದ ಬಟ್ಟಲು ನೋಡಿದರು. ಅದು ಮುಂದಿನ ಮನೆಯದೆಂದು ಅವರಿಗೆ ಗೊತ್ತಾಯಿತು.

"ಹೇಳಿದ್ರೆ ನೀನು ಜಗಳ ಆಡ್ತಿದ್ದೆ. ಒಪ್ತಿರ್ಲಿಲ್ಲ."

"ನೀವು ಕೇಳಿದ್ರಾ?"

"ಮನೆ ಖಾಲಿ ಮಾಡಿ ಅಂದುಬಿಟ್ರೆ ಎಲ್ಲಿ ಹೋಗೋದು? ನರಿ ತಿಂತು ಅಂದ್ರೆ ನಿಂಗೂ ಯಾರ ಮೇಲೂ ಸಿಟ್ಟಿರೋದಿಲ್ಲ ಅಂದ್ಕೊಂಡೆ."

"ನನ್ನ ಮೇಲೆ ಇತ್ತಲ್ರೀ ನನ್ನ ಸಿಟ್ಟು. ಮರ್ತಿರ್ತೀಯ ಅಂದ್ರಲ್ಲ."

ಒಂದು ವಾರಕ್ಕೆ ಗೊಟ್ಟಿಗೆರೆಗೆ ಬುಟ್ಟಿ ಕಳಿಸಿದ್ದರೆ ಮುಗಿಯುತ್ತಿತ್ತು. ನಾನೇ ಹೊತ್ತುಕೊಂಡು ಹೋಗಿ ಬಿಟ್ಟು ಬರುತ್ತಿದ್ದೆ. ಆ ಹುಡುಗಿಯ ಮದುವೆಗಿಂತ ನನಗೆ ಕೋಳಿ ಹೆಚ್ಚಾಗಿರಲಿಲ್ಲ. ನನ್ನೊಡನೆ ಒಂದು ಮಾತು ಆಡುವುದಕ್ಕಿಂತ ಅವರಿಗೆ ನರಿಯನ್ನು ಒಳಗೆ ಬಿಡುವುದು ಸುಲಭವಾಗಿ ಕಂಡಿತ್ತು.

ಮರುದಿನ ಬೆಳಗ್ಗೆ ಕಂದು ಕೋಳಿಯನ್ನು ಬುಟ್ಟಿಗೆ ಹಾಕಿ, ಬಟ್ಟೆ ಮುಚ್ಚಿ, ತವರಿಗೆ ಹೊರಟೆ. ಗಂಡಿನ ಕಡೆಯವರು ಬರುವುದಕ್ಕೆ ಮುಂಚೆಯೇ ಹೊರಟೆ. ಬನ್ನೇರುಘಟ್ಟ ರಸ್ತೆಯಲ್ಲಿ ಸ್ವಲ್ಪ ದೂರ ಬಸ್ಸು, ಉಳಿದದ್ದು ನಡಿಗೆ. ಅಮ್ಮ ಬುಟ್ಟಿ ನೋಡಿ, "ಒಂದೇನಾ?" ಅಂದರು. ನರಿ ಅಂದೆ. ಹೆಚ್ಚು ಹೇಳಲಿಲ್ಲ.

ಯಜಮಾನರು ಕೆಲವು ದಿನ ಬಿಟ್ಟು ಕರೆಯಲು ಬಂದರು. ಅಪ್ಪ ಜಗಲಿಯಲ್ಲಿ ಕೂರಿಸಿ, ಬೇಲಿ ಎಲ್ಲಿ ಸಡಿಲವಾಗಿತ್ತು, ನಾನೇ ಬಂದು ನೋಡ್ತೀನಿ ಅಂದರು. ತಮ್ಮ ಕೆಲಸದಲ್ಲೇ ಕೊರತೆಯಾಯಿತೆಂಬ ಸಂಕಟ ಅವರ ದನಿಯಲ್ಲಿತ್ತು. ಅದನ್ನು ನನಗೆ ಕೇಳಲಾಗಲಿಲ್ಲ.

"ನೀವೇ ಹೇಳಿ" ಅಂದೆ ಯಜಮಾನರಿಗೆ. "ಹೇಳಿದ್ರೆ ಬರ್ತೀನಿ."

ಅವರು ಚಪ್ಪಲಿಯನ್ನೇ ನೋಡುತ್ತಾ ಹೇಳಿದರು. ತಡಿಕೆ ಸರಿಸಿದ್ದು, ಬೆಣೆ ತೆಗೆದದ್ದು, ಎಲ್ಲವನ್ನೂ. ಅಪ್ಪ ಕೇಳಿಸಿಕೊಂಡು ಎದ್ದು, ಹೆಗಲ ಮೇಲೆ ಟವಲು ಹಾಕಿಕೊಂಡು ಹೊಲದ ಕಡೆ ನಡೆದರು. ಅಳಿಯ ಬಂದಾಗ ಜೊತೆಗೆ ಕೂತು ಕಾಫಿ ಕುಡಿಯದೆ ಅವರು ಹೋದದ್ದು ಅದೊಂದೇ ಸಲ.

ಮಾತು ಕೊಟ್ಟಂತೆ ನಾನು ವಾಪಸು ಬಂದೆ. ಕೋಳಿಯನ್ನು ಅಲ್ಲೇ ಬಿಟ್ಟೆ. ಮೇಷ್ಟ್ರ ಮಗಳಿಗೆ ಆ ಸಂಬಂಧವೇ ಕುದುರಿತು. ಮದುವೆಗೆ ಹೋಗಿ ಅಕ್ಷತೆ ಹಾಕಿ, ಊಟ ಮಾಡಿ ಬಂದೆವು. ಮೇಷ್ಟ್ರ ಹೆಂಡತಿಗೆ ನಾನು ಏನನ್ನೂ ಹೇಳಲಿಲ್ಲ, ಆಕೆಯ ತಪ್ಪೇನೂ ಇರಲಿಲ್ಲ. ಮುಂದಿನ ವರ್ಷ ಹನುಮಂತನಗರದಲ್ಲಿ ಒಂದು ಸಾಲುಮನೆ ಸಿಕ್ಕಿತು. ಹಿತ್ತಲಿಲ್ಲ, ಪರವಾಗಿಲ್ವಾ ಅಂತ ಯಜಮಾನರು ಕೇಳಿದರು. ಆ ಒಂದು ವರ್ಷದಲ್ಲಿ ಅವರು ನನ್ನನ್ನು ಕೇಳಿ ಮಾಡಿದ ಮೊದಲ ಕೆಲಸ ಅದು. ಪರವಾಗಿಲ್ಲ ಅಂದೆ.