ಬುಟ್ಟಿ ಇಳಿಸುವ ಕೈ

ಮೀನು ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತವಳು ತಾನೊಬ್ಬಳೇ ಇಳಿಸಿಕೊಳ್ಳಲಾರಳು. ಎದುರಿಗೆ ಇನ್ನೊಬ್ಬರು ನಿಂತು ಕೈ ಕೊಡಬೇಕು. ಭಟ್ಕಳದ ನಮ್ಮ ಕೇರಿಯ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಬುಟ್ಟಿಯನ್ನು ಮೊದಲು ಇಳಿಸಿದವರೇ ಮೊದಲ ಮೀನು ಆರಿಸಬೇಕು.

ಅಮ್ಮನ ಬುಟ್ಟಿ ಇಳಿಸುತ್ತಿದ್ದದ್ದು ಪೇಟೆಯಾಚೆಯ ಒಂದು ನವಾಯತ ಮುಸ್ಲಿಮರ ಮನೆಯ ಅಜ್ಜಿ. ಶಾಲೆಗೆ ರಜೆಯಿದ್ದಾಗ ನಾನೂ ಅಮ್ಮನ ಹಿಂದೆ ಹೋಗುತ್ತಿದ್ದೆ. ಹಿತ್ತಿಲ ಬಾಗಿಲಲ್ಲಿ ಅಜ್ಜಿ ಬಳೆ ಮೇಲೆ ಸರಿಸಿಕೊಂಡು ಕೈ ಕೊಡುತ್ತಿದ್ದರು. ಅವರು ತಮ್ಮ ನವಾಯತಿ ಮಾತಿನಲ್ಲಿ ಬೈದರೆ ಅಮ್ಮ ಕನ್ನಡದಲ್ಲಿ ತಿರುಗಿ ಬೈಯುತ್ತಿದ್ದಳು. ಅದೊಂದು ವಿಶೇಷವೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಊರೆಂದರೆ ಹೀಗೇ ಇರುತ್ತದೆ ಅಂದುಕೊಂಡಿದ್ದೆ.

ಅಜ್ಜಿ ಯಾವಾಗಲೂ ಬುಟ್ಟಿಯಲ್ಲೇ ದುಬಾರಿ ಮೀನಾದ ಇಸ್ವಾಣವನ್ನೇ ಎತ್ತುವುದು. "ಏ ಹುಡ್ಗಿ, ಇದು ನಿನ್ ಸಾರಿಗೆ ಇಟ್ಟಿದ್ದಾ? ತಗೊಂಡೆ ನೋಡು" ಎಂದು ಕೆಣಕುತ್ತಿದ್ದರು. ನಮ್ಮ ಮನೆಯಲ್ಲಿ ಮಾರಿ ಉಳಿದ ಪುಡಿಮೀನಿನದೇ ಸಾರು. ಇಸ್ವಾಣ ಕಂಡರೆ ನನಗೆ ಬಾಯಲ್ಲಿ ನೀರು, ಅಜ್ಜಿಯ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚು.

ಒಂದು ವರ್ಷ ಊರಲ್ಲಿ ಹಿಂದೂ-ಮುಸ್ಲಿಂ ಗಲಾಟೆಯಾಯಿತು. ಕಲ್ಲು ಬಿತ್ತು, ಅಂಗಡಿ ಮುಚ್ಚಿತು, ಪೊಲೀಸ್ ವ್ಯಾನು ಬಂದು ನಿಂತಿತು. ಪೇಟೆ ತೆರೆದ ಮೊದಲ ದಿನವೇ ಅಮ್ಮ ಬುಟ್ಟಿ ಹೊತ್ತಳು. ಕೇರಿಯ ಚಿಕ್ಕಪ್ಪನೊಬ್ಬ ಅಡ್ಡ ನಿಂತ.

"ಅತ್ಗೆ, ಆ ಬದಿಗೆ ಇನ್ ಹೋಗೂದ್ ಬ್ಯಾಡ. ಕೇರಿಯವ್ರೆಲ್ಲ ಹೇಳ್ಕಂಡದ್ದು."

"ಹಂಗಾರೆ ಇಷ್ಟೂ ಮೀನು ನೀನೇ ತಿಂತ್ಯಾ?" ಎಂದು ಅಮ್ಮ ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ.

ಹಿತ್ತಿಲ ಬಾಗಿಲು ತೆರೆದದ್ದು ಅಜ್ಜಿಯಲ್ಲ, ಅವರ ಮಗ. ನೆಲ ನೋಡುತ್ತಲೇ, "ಇನ್ನು ಬರ್ಬೇಡಿ. ನಮ್ಮವರ ಹತ್ರಾನೇ ತಗೊಳ್ಬೇಕು ಅಂತ ಆಗಿದೆ" ಎಂದರು. ಕಿಟಕಿಯ ಪರದೆಯ ಸಂದಿಯಲ್ಲಿ ಅಜ್ಜಿ ನಿಂತದ್ದು ಕಂಡಿತು. ಬಳೆಗಳು ಮೇಲೆ ಸರಿದೇ ಇದ್ದವು. ಅಮ್ಮ ಬುಟ್ಟಿ ಹೊತ್ತೇ ಕಿಟಕಿಯ ಕಡೆ ತಿರುಗಿದಳು. ಆಮೇಲೆ "ಆತು" ಎಂದಳು, ಅಷ್ಟೇ.

ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಕೇರಿಗೆ ಬಂದಾಗ ಜಗಲಿಯ ಮೇಲೆ ಹೆಂಗಸರು ಕೂತಿದ್ದರು. ಬುಟ್ಟಿ ಕಂಡರೆ ಎದ್ದು ಬರುತ್ತಿದ್ದವರೇ ಅವರೆಲ್ಲ. ಅಮ್ಮ ಅವರ ಎದುರೇ ನಿಂತಳು. ಒಬ್ಬಳು ತಲೆ ಬಾಚಿಕೊಳ್ಳುತ್ತಲೇ ಇದ್ದಳು, ಇನ್ನೊಬ್ಬಳು ಎದ್ದು ಒಳಗೆ ಹೋದಳು. ಅಮ್ಮನ ಕುತ್ತಿಗೆಯ ನರ ಉಬ್ಬಿತ್ತು. ಮಂಜುಗಡ್ಡೆ ಕರಗಿದ ನೀರು ಕೆನ್ನೆ ಮೇಲೆ ಇಳಿಯುತ್ತಿತ್ತು. ಎಷ್ಟೋ ವರ್ಷವಾಯಿತು, ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಅಂದರೆ, ಎರಡೂ ಬದಿಯವರ ಮೇಲೆ.

ನಾನು ಬಟ್ಟೆ ಒಗೆಯುವ ಕಲ್ಲು ಹತ್ತಿದೆ. "ಅಮ್ಮ, ಇಲ್ಲಿ ಬಾ" ಎಂದೆ. ಅವಳು ಬಂದು ಮೊಣಕಾಲು ಬಗ್ಗಿಸಿದಳು. ಬುಟ್ಟಿ ಒಂದು ಬದಿಗೆ ವಾಲಿತು, ಒಂದಷ್ಟು ಬಂಗಡೆ ಚೆಲ್ಲಿ ಮಣ್ಣಾದವು, ಆದರೂ ಬುಟ್ಟಿ ಇಳಿಯಿತು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬುಟ್ಟಿಯ ಪಕ್ಕ ಕೂತಳು. ಜಗಲಿಯವರಿಗೆಲ್ಲ ಕೇಳುವ ಹಾಗೆ, "ಇಳಿಸ್ದವ್ಳು ನೀನು. ಎಂತ ಬೇಕು, ಆರ್ಸು" ಎಂದಳು.

ಇಸ್ವಾಣ ಮೇಲೆಯೇ ಇತ್ತು. ನನಗೆ ಅದನ್ನು ಮುಟ್ಟಲು ಕೈ ಬರಲಿಲ್ಲ.

"ಅದು ಅಜ್ಜೀದು" ಎಂದೆ.