ಪೆಟ್ಟಿಗೆಯೊಳಗಿನ ಒಂದು ಹಿಡಿ ಅಕ್ಕಿ

ಬನ್ನಂಜೆಯ ಔಷಧಿ ಅಂಗಡಿಯೊಂದರ ಮಾಳಿಗೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೊರಗುಟ್ಟುವ ಒಂದು ಕಂಪ್ಯೂಟರ್. ಆನ್ಸಿಲ್ಲಾ ಬಾಯಿಯ ಆಫೀಸು ಇಷ್ಟೇ. ಕಾಪುವಿನ ಈ ಹೆಂಗಸು ಶಾರ್ಜಾದ ಕಾರ್ಗೋ ಕಂಪೆನಿಯೊಂದರಲ್ಲಿ ಹತ್ತೊಂಬತ್ತು ವರ್ಷ ದುಡಿದು ಬಂದವರು. ಪರದೇಶಕ್ಕೆ ಸರಕು ಕಳುಹಿಸಲು ಮನೆ ಬಾಗಿಲಿಂದ ಮನೆ ಬಾಗಿಲಿಗೆ ಒಟ್ಟು ಎಷ್ಟು ಬೀಳುತ್ತದೆ ಎಂದು ಮೊದಲೇ ಬರೆದುಕೊಡುವುದು, ಆಮೇಲೆ ಕಾಗದಪತ್ರ ನೋಡಿಕೊಳ್ಳುವುದು ಅವರ ಕಸುಬು.

"ಬರೀ ಹಡಗಿನ ಬಾಡಿಗೆ ಕೇಳಿಕೊಂಡು ಹೊರಟಿರಾ? ಮದುವೆ ಅಂದರೆ ಬರೀ ಊಟದ ಖರ್ಚಾ ಮಾರಾಯ್ರೆ?" ಎಂದು ಬಂದವರನ್ನು ಗದರುವುದು ಅವರ ಮಾಮೂಲು. ಪೆಟ್ಟಿಗೆ, ಮಂಗಳೂರು ಬಂದರಿನವರೆಗಿನ ಲಾರಿ, ಇಲ್ಲಿಯ ಕಸ್ಟಮ್ಸ್, ವಿಮೆ, ಅಲ್ಲಿ ಇಳಿಸುವ ಕೂಲಿ, ಅಲ್ಲಿಯ ತೆರಿಗೆ ಎಲ್ಲ ಬರೆದು ಕೊನೆಗೆ 'ಕಾಣದ ಖರ್ಚು' ಎಂದು ಇನ್ನೊಂದು ಸಾಲು. ಬಾಯಮ್ಮ ಗಾಳಿಗೂ ಬಾಡಿಗೆ ಹಾಕುತ್ತಾರೆ ಎಂದು ಜನ ನಗುತ್ತಿದ್ದರು. ನಗಲಿ! ಅವರ ಅಂದಾಜು ಒಮ್ಮೆಯೂ ತಪ್ಪಿರಲಿಲ್ಲ. ಆ ಜಂಬ ಅವರಿಗೆ ಚೆನ್ನಾಗಿಯೇ ಇತ್ತು, ಹೋದ ವರ್ಷದ ತನಕ.

ಕಾರ್ಕಳದ ಶಿಲ್ಪಿ ಸರ್ವೋತ್ತಮ ಆಚಾರ್ಯರು ಬಂದದ್ದು ಆಗಲೇ. ಮೆಲ್ಬರ್ನ್‌ನ ನಮ್ಮೂರಿನವರು ಅಲ್ಲೊಂದು ಸಣ್ಣ ಗುಡಿ ಕಟ್ಟಿಕೊಂಡು, ಮೂರಡಿಯ ಕಪ್ಪುಕಲ್ಲಿನ ಗಣಪತಿ ಕೇಳಿದ್ದರು. ಕೆತ್ತನೆ, ಸಾಗಾಟ ಎಲ್ಲ ಸೇರಿ ಒಂದೇ ಮೊತ್ತ; ಒಂದು ರೂಪಾಯಿ ಹೆಚ್ಚಾದರೂ ಆಚಾರ್ಯರ ಕೈಯಿಂದಲೇ ಹೋಗಬೇಕು.

"ಸರಿಯಾಗಿ ಹೇಳಿ ಬಾಯಮ್ಮ. ಉಳಿದದ್ದರಲ್ಲಿ ಮನೆಯವಳ ಮೊಣಗಂಟಿನ ಆಪರೇಶನ್ ಆಗಬೇಕು. ಮಣಿಪಾಲದಲ್ಲಿ ಡಾಕ್ಟರು ದಿನ ಕೊಟ್ಟಾಗಿದೆ."

ಆನ್ಸಿಲ್ಲಾ ನಾಲ್ಕು ಸಲ ಕೂಡಿಸಿದರು. "ಧೈರ್ಯದಲ್ಲಿ ಹೋಗಿ ಆಚಾರ್ಯರೇ. ಆಪರೇಶನ್‌ಗೆ ಸಾಕಾಗಿ ಮಿಕ್ಕುತ್ತದೆ," ಎಂದರು. ಜೊತೆಗೆ ಒಂದು ಎಚ್ಚರಿಕೆ: ಆಸ್ಟ್ರೇಲಿಯಾದವರು ಮಹಾ ಕಟ್ಟುನಿಟ್ಟು, ಪ್ಯಾಕಿಂಗಿಗೆ ಬೈಹುಲ್ಲು ಬೇಡ, ಮರದ ಹೊಟ್ಟು ಬೇಡ, ಬರೀ ಸ್ಪಂಜು.

ಪೆಟ್ಟಿಗೆ ಮುಚ್ಚುವ ದಿನ ಆನ್ಸಿಲ್ಲಾ ತಾವೇ ಕಾರ್ಕಳಕ್ಕೆ ಹೋದರು. ಹುಳ ಹಿಡಿಯದಂತೆ ಕಾಯಿಸಿ ಮೊಹರು ಒತ್ತಿದ ಮರದ ಪೆಟ್ಟಿಗೆ, ಬೇಕಾದಷ್ಟು ಸ್ಪಂಜು, ಎಲ್ಲ ಹೇಳಿದಂತೆಯೇ ಇತ್ತು. ಆಚಾರ್ಯರ ಹೆಂಡತಿ ನರ್ಮದಕ್ಕ ಗೋಡೆ ಹಿಡಿದುಕೊಂಡು ಬಂದು ಆರತಿ ಎತ್ತಿದರು. ಆಚಾರ್ಯರು ಪ್ರಸಾದದ ಅವಲಕ್ಕಿಯನ್ನು ಮೊದಲು ಕೊಟ್ಟದ್ದೇ ಆನ್ಸಿಲ್ಲಾ ಬಾಯಿಗೆ. ಆಮೇಲೆ ಒಂದು ಹಿಡಿ ಅಕ್ಕಿ, ನಾಲ್ಕು ಗರಿಕೆ, ಒಂದು ತೆಂಗಿನಕಾಯಿ ತೆಗೆದುಕೊಂಡು ಪೆಟ್ಟಿಗೆಯೊಳಗೆ ದೇವರ ಪಾದದ ಹತ್ತಿರ ಬಗ್ಗಿದರು. ದೇವರನ್ನು ಬರಿಗೈಯಲ್ಲಿ ಕಳುಹಿಸುವುದುಂಟೇ? ಅವರ ಮಟ್ಟಿಗೆ ಅದು ಪ್ಯಾಕಿಂಗ್ ಅಲ್ಲ, ಪೂಜೆ.

ಆನ್ಸಿಲ್ಲಾ ಅದನ್ನು ನೋಡಿದರು. ಒಂದು ಅಕ್ಕಿಕಾಳು ಸಾಕು, ಹುಳದ ಹೆದರಿಕೆಗೆ ಆ ದೇಶದವರು ಪೆಟ್ಟಿಗೆ ತಡೆಯಲು. ಬಾಯಿ ತೆರೆದರು. ಅಷ್ಟರಲ್ಲಿ ಸುತ್ತ ನಿಂತವರೆಲ್ಲ ಕೈಮುಗಿದಿದ್ದರು. ತಾನು ಇಗರ್ಜಿಗೆ ಹೋಗುವವಳು. ಅವರ ದೇವರ ಮುಂದೆ ನಿಂತು "ಅಕ್ಕಿ ತೆಗೆಯಿರಿ, ಕಾಯಿ ತೆಗೆಯಿರಿ" ಎನ್ನುವುದು ಹೇಗೆ? ಹತ್ತರಲ್ಲಿ ಒಂಬತ್ತು ಪೆಟ್ಟಿಗೆಗಳನ್ನು ಯಾರು ಬಿಚ್ಚಿ ನೋಡುತ್ತಾರೆ? ತೆರೆದ ಬಾಯಿಗೆ ಅವಲಕ್ಕಿ ಹಾಕಿಕೊಂಡರು. ಮುಚ್ಚಳದ ಮೇಲೆ ಮೊಳೆ ಬಿತ್ತು. 'ಒಳಗೆ ಸಸ್ಯದ ಯಾವ ವಸ್ತುವೂ ಇಲ್ಲ' ಎಂಬ ಕಾಗದವನ್ನು ಅಲ್ಲೇ ಚಾಚಿದರು. ಅವರು ಬೆರಳಿಟ್ಟು ತೋರಿಸಿದ ಕಡೆ ಆಚಾರ್ಯರು ಓದದೆ ಸಹಿ ಹಾಕಿದರು.

ಬಿಚ್ಚಿ ನೋಡುವ ಆ ಹತ್ತನೆಯ ಪೆಟ್ಟಿಗೆ ಇದೇ ಆಯಿತು. ಏಳು ವಾರದ ಮೇಲೆ ಮೆಲ್ಬರ್ನ್‌ನಿಂದ ಪತ್ರ ಬಂತು. ತಪಾಸಣೆಯ ಶುಲ್ಕ, ಹುಳ ಕೊಲ್ಲುವ ಹೊಗೆ, ಸುಳ್ಳು ಕಾಗದಕ್ಕೆ ದಂಡ, ಗೋದಾಮಿನ ದಿನಬಾಡಿಗೆ. 'ಕಾಣದ ಖರ್ಚಿ'ನ ಸಾಲು ಯಾವ ಮೂಲೆಗೂ ಸಾಲಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇಲ್ಲಿ ಒಂದು ತೆಂಗಿನಕಾಯಿಗೆ ಒಬ್ಬ ಹೆಂಗಸಿನ ಆಪರೇಶನ್ನಿನ ದುಡ್ಡೇ ಹೋಗಿತ್ತು.

ಸುದ್ದಿ ಹೇಳಲು ಬಸ್ಸು ಹತ್ತಿದ ಆನ್ಸಿಲ್ಲಾ ಕಾರ್ಕಳ ಮುಟ್ಟುವ ತನಕ ಮಾತು ಜೋಡಿಸಿದರು. ಜೋಡಿಸಿದ್ದು ಸುಳ್ಳನ್ನೇ, ನಾಚಿಕೆಗೇಡು! "ಅಲ್ಲಿಯ ನಿಯಮ ಹಾಗೆ. ಒಳಗೆ ಅಕ್ಕಿ ಉಂಟು ಅಂತ ನನಗೆ ಹೇಗೆ ಗೊತ್ತಾಗಬೇಕು ಆಚಾರ್ಯರೇ?" ಎಂದು ಹೇಳಿಯೂ ಬಿಟ್ಟರು.

ಆಚಾರ್ಯರು ಉಳಿಯನ್ನು ಕೆಳಗಿಟ್ಟರು. "ತಪ್ಪು ನನ್ನದೇ," ಎಂದರು.

ನರ್ಮದಕ್ಕ ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಚಹಾದ ಲೋಟ ಹಿಡಿದು ಬಂದರು. "ಆಪರೇಶನ್ ಇನ್ನೊಂದು ವರ್ಷಕ್ಕೆ ಮಾಡುವ. ಮೊಣಗಂಟು ಎಲ್ಲಿಗೆ ಓಡಿಹೋಗುತ್ತದೆ? ಅದಕ್ಕೆ ನಡೆಯಲಿಕ್ಕೇ ಆಗುವುದಿಲ್ಲ!" ಎಂದು ತಾವೇ ನಕ್ಕರು.

ಆ ನಗು ಕೇಳಿ ಆನ್ಸಿಲ್ಲಾ ಬಾಯಿಗೆ ತಡೆಯಲಾಗಲಿಲ್ಲ. ಚಹಾ ಮುಟ್ಟದೆ ಎದ್ದು ನಿಂತರು. "ನಾನು ನೋಡಿದ್ದೆ ಆಚಾರ್ಯರೇ. ನೀವು ಅಕ್ಕಿ ಇಡುವುದನ್ನು ಕಣ್ಣಾರೆ ನೋಡಿದ್ದೆ. ನಿಮ್ಮ ಪೂಜೆಯಲ್ಲಿ ಹೇಗೆ ಬಾಯಿ ಹಾಕುವುದು ಅಂತ ಸುಮ್ಮನಾದೆ. ಈಗ ಹೇಳಿದ್ದು ಸುಳ್ಳು."

"ನೀವು ನೋಡಿದ್ದು ನನಗೆ ಗೊತ್ತುಂಟು," ಎಂದರು ಆಚಾರ್ಯರು. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಕಾಯಿ ಇಡುವಾಗ ನನಗೂ ಒಮ್ಮೆ ಅನುಮಾನ ಬಂತು. ನಿಮ್ಮ ಮುಖ ನೋಡಿದೆ. ನೀವು ಎಂತದ್ದೂ ಹೇಳಲಿಲ್ಲ. ಬಾಯಮ್ಮನ ಲೆಕ್ಕದಲ್ಲಿ ಇದೂ ಸೇರಿರಬೇಕು ಅಂತ ಇಟ್ಟೆ."

ಆಚಾರ್ಯರು ಎರಡು ಮಾತು ಬೈದಿದ್ದರೆ ಆನ್ಸಿಲ್ಲಾ ಹೇಗೋ ಬದುಕಿಕೊಳ್ಳುತ್ತಿದ್ದರು. ಚಪ್ಪಲಿ ಮೆಟ್ಟಿ ಹೊರಟಾಗ, ಬೇಡ ಬೇಡವೆಂದರೂ ಕೇಳದೆ, ನರ್ಮದಕ್ಕ ಗೋಡೆ ಹಿಡಿದುಕೊಂಡು ಅವರನ್ನು ಗೇಟಿನ ತನಕ ಬಿಟ್ಟುಬರಲು ಬಂದರು.